ಬ್ರಾಟ್ಲಿ ವಲಯದ ಬಗ್ಗೆ ಸ್ಕಾರ್‌ವನ್ ಕಲ್ಲಿಗೊಂದು ದೂರು

ಮಾನ್ಯ ಸ್ಕಾರ್‌ವನ್ ಉಲ್ಕಾಶಿಲೆಯವರ ಸನ್ನಿಧಾನಕ್ಕೆ,

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕಲ್ಲು ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿಕೊಡುತ್ತಿರುವ ಗುನ್‌ವೋರ್ ಟ್ವೈತಳ ಸವಿನಯ ವಂದನೆಗಳು. ನಮಗಿಂತ ನಾಲ್ಕೂವರೆ ಶತಕೋಟಿ ವರ್ಷ ಹಿರಿಯರಾದ ತಾವು ಅಷ್ಟು ದೂರದಿಂದ ದಯಮಾಡಿಸಿ, ಇಡೀ ನಾರ್ವೆಯಲ್ಲಿ ನಿವೃತ್ತ ಸೂಲಗಿತ್ತಿ ರಗ್ನಿಯವರ ಬೆಟ್ಟದ ಮನೆಯ ಪಾಯಿಖಾನೆಯ ಮಾಡನ್ನೇ ಆರಿಸಿಕೊಂಡು ಇಳಿದದ್ದಕ್ಕೆ ನಾವೆಲ್ಲರೂ ಕೃತಜ್ಞರು. "ಇನ್ನೈದು ನಿಮಿಷ ಕೂತಿದ್ದಿದ್ರೆ ನನ್ನೂ ಇದೇ ಬಕೆಟ್ಟಲ್ಲಿ ತರಬೇಕಾಗ್ತಿತ್ತು" ಎಂದು ನಗುತ್ತಲೇ ಅವರು ತಮ್ಮನ್ನು ಬಕೆಟ್ಟಿನ ಸಮೇತ ನಮಗೆ ಒಪ್ಪಿಸಿ ಹೋದರು.

ಬಂದವರು ಯಾವುದಾದರೊಂದು ಗುಂಪಿಗೆ ಸೇರಿಕೊಂಡಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ಆಕಾಶದಿಂದ ಬಿದ್ದ ಪ್ರತಿ ಕಲ್ಲಿಗೂ ನಮ್ಮಲ್ಲಿ ಒಂದು ಡ್ರಾಯರ್ ಇದೆ. ತಮ್ಮಲ್ಲಿ ಕಬ್ಬಿಣ ಒಂದು ಡ್ರಾಯರಿಗೆ ಹೆಚ್ಚು, ಪಕ್ಕದ್ದಕ್ಕೆ ಕಡಿಮೆ. ಇದರಿಂದಾಗಿ ಕಲ್ಲುಗಳ ಜಾತಿ ಗೊತ್ತುಮಾಡುವ ಪ್ರೊಫೆಸರ್ ಹೊಲ್ಗೇರ್ ಬ್ರಾಟ್ಲಿಯವರು ಆರು ತಿಂಗಳಿಂದ ಸ್ಕೀ ಮರೆತು, ಮನೆಯಿಂದ ತಂದ ಬುತ್ತಿಯನ್ನು ತಮ್ಮ ಪಕ್ಕದಲ್ಲೇ ಬಿಚ್ಚಿಕೊಂಡು ತಮ್ಮನ್ನೇ ನೋಡುತ್ತ ತಿನ್ನುತ್ತಿದ್ದಾರೆ. ಹೆಂಡತಿಯನ್ನು ಅವರು ಇಷ್ಟು ಹೊತ್ತು ನೋಡಿದ್ದನ್ನು ನಾನಂತೂ ಕಂಡಿಲ್ಲ.

ಬಿದ್ದ ಜಾಗದ ಹೆಸರೇ ಕಲ್ಲಿಗೆ ಎಂಬ ನಿಯಮ ಇರುವುದರಿಂದ, ಬ್ರಾಟ್ಲಿಯವರಿಗೆ ಹೆಸರಿಡಲು ಉಳಿದದ್ದು ತಮ್ಮ ಒಳಭಾಗ ಮಾತ್ರ. ಅಲ್ಲಿನ ಕಪ್ಪು ಗೆರೆ 'ಅಜ್ಜಿಯ ಜಡೆ' ಆಯಿತು, ಒಡೆದ ಹರಳಿಗೆ ಅವರ ನಾಯಿ ಪೆಲ್ಲೆಯ ಹೆಸರು ಬಂತು. ನನ್ನ ಅಭ್ಯಂತರವಿಲ್ಲ, ಪೆಲ್ಲೆ ಒಳ್ಳೆಯ ನಾಯಿ. ಆದರೆ ನಾನು ಕೊಯ್ದು ಗಾಜಿಗಂಟಿಸಿ ಕೊಟ್ಟ ತಮ್ಮ ಬಿಲ್ಲೆಯೊಂದರಲ್ಲಿ ಬಳೆಯಷ್ಟು ಗುಂಡಗೆ ಕಂಡ ಒಂದು ಬಿಳಿ ವೃತ್ತವು 'ಬ್ರಾಟ್ಲಿ ವಲಯ'ವಾಗಿ, ಜಗತ್ತಿನ ಬೇರೆ ಯಾವ ಕಲ್ಲಿನಲ್ಲೂ ಇಂಥದ್ದಿಲ್ಲ ಎಂಬ ಒಂದೇ ಆಧಾರದ ಮೇಲೆ ತಮಗಾಗಿ ಒಂದು ಹೊಸ ವರ್ಗವೇ ಹುಟ್ಟಿದೆ. ಅದರ ಲೇಖನ ಈ ಶುಕ್ರವಾರ ಹನ್ನೆರಡೂವರೆಗೆ ಪತ್ರಿಕೆಗೆ ಹೋಗಲಿದೆ.

ಮಾನ್ಯರೇ, ಆ ವೃತ್ತ ತಮ್ಮದಲ್ಲವೆಂದು ತಮಗೂ ಗೊತ್ತು, ನನಗೂ ಗೊತ್ತು. ಅದು ನನ್ನ ಅಂಟಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ. ಪ್ರತಿ ಶುಕ್ರವಾರ ಮೇಲಿನ ಕಾಫಿ ಕೋಣೆಯಲ್ಲಿ ಎಲ್ಲರಿಗೂ ವಾಫಲ್ ಎಂಬ ಸಿಹಿ ದೋಸೆ ಸುಡುವ ಸರದಿ ಆ ವಾರ ನನ್ನದಾಗಿತ್ತು. ಅಂಟು ಹಚ್ಚಿ ಇನ್ನೂ ಒತ್ತುತ್ತಿದ್ದೆ, ಅಷ್ಟರಲ್ಲಿ ಮೇಲಿನಿಂದ ಸೀದ ವಾಸನೆ ಬಂತು, ಮೆಟ್ಟಿಲು ಹತ್ತಿ ಓಡಿದೆ. ವಾಫಲ್ ಉಳಿಯಿತು, ಗುಳ್ಳೆಯೂ ಉಳಿಯಿತು.

ಹೇಳಲಿಲ್ಲವೆಂದು ತಾವು ತಪ್ಪು ತಿಳಿಯಬಾರದು, ಹೇಳಿದ್ದೇನೆ. "ನೀನಾ? ಗುಳ್ಳೆನಾ? ಇಷ್ಟು ವರ್ಷದಲ್ಲಿ ಒಂದೇ ಒಂದು ಗುಳ್ಳೆ ಬಿಟ್ಟೋಳಲ್ಲ ನೀನು! ನನ್ನ ಕಣ್ಣಿಗಿಂತ ನಿನ್ನ ಕೈ ನಂಬ್ತೀನಿ, ಸುಮ್ನಿರು ಗುನ್‌ವೋರ್" ಎಂದರು ಬ್ರಾಟ್ಲಿಯವರು. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಹಿತವಾಯಿತು, ಸುಮ್ಮನಾದೆ, ಅದಕ್ಕಾಗಿ ಈಗ ನಾಚಿಕೆಯಾಗುತ್ತಿದೆ. ಪಕ್ಕದಲ್ಲೇ ಇನ್ನೊಂದು ಬಿಲ್ಲೆ ಕೊಯ್ದು ಅದರಲ್ಲಿ ವೃತ್ತವಿಲ್ಲವೆಂದು ತೋರಿಸಿದರೆ, "ನೋಡಿದ್ಯಾ, ಎಷ್ಟು ಅಪರೂಪದ್ದು ಅಂತ!" ಎಂದು ಕುಣಿದಾಡಿದರು.

ಆದುದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆ. ಇಷ್ಟೆಲ್ಲ ಕೋಟಿ ವರ್ಷ ಪುರುಸೊತ್ತಾಗಿ ಇದ್ದವರು, ಶುಕ್ರವಾರದೊಳಗೆ ಒಂದು ನಿಜವಾದ ವಲಯ ಬೆಳೆಸಿಕೊಳ್ಳಲು ಮನಸ್ಸು ಮಾಡಬೇಕು. ಅದಾಗದಿದ್ದರೆ ಬುತ್ತಿಯ ಹೊತ್ತಿನಲ್ಲಿ ತಾವೇ ಬಾಯಿಬಿಟ್ಟು ಬ್ರಾಟ್ಲಿಯವರಿಗೆ ನಿಜ ಹೇಳಬೇಕು, ತಮ್ಮ ಮಾತನ್ನಾದರೂ ಅವರು ಕೇಳುತ್ತಾರೆ. ಮುಂದೆ ತಮ್ಮ ಬಂಧುಗಳು ಯಾರಾದರೂ ಭೂಮಿಗೆ ಬರುವುದಿದ್ದರೆ ಮೈಮೇಲೆ ಗುಂಪಿನ ಚೀಟಿ ಅಂಟಿಸಿಕೊಂಡು, ಶುಕ್ರವಾರ ಬಿಟ್ಟು ಬರುವಂತೆ ತಿಳಿಸಬೇಕು.

ತಾವು ಇದ್ಯಾವುದನ್ನೂ ಮಾಡುವುದಿಲ್ಲವೆಂದು ಬಲ್ಲೆ. ಲೇಖನ ಹೋಗಿಬಿಟ್ಟರೆ ಎಲ್ಲೆಲ್ಲಿಯ ಜನರೋ ಆಕಾಶದಿಂದ ಬಿದ್ದ ಕಲ್ಲುಗಳಲ್ಲೆಲ್ಲ ನನ್ನ ಸೀದ ವಾಫಲನ್ನು ಹುಡುಕುತ್ತ ಕೂರುತ್ತಾರೆ, ಕೊನೆಗೊಂದು ದಿನ ಗುಟ್ಟು ಹೊರಬಿದ್ದು ಹೊಲ್ಗೇರ್ ಬ್ರಾಟ್ಲಿಯವರ ಹೆಸರು ಹೇಳಿ ನಗುತ್ತಾರೆ. ಅವರನ್ನು ನೋಡಿ ಲೋಕವೆಲ್ಲ ನಗುವುದಕ್ಕಿಂತ ನನ್ನನ್ನು ನೋಡಿ ಒಂದು ಕಾಫಿ ಕೋಣೆ ನಕ್ಕರೆ ಸಾಕು. ಗುಳ್ಳೆ ನನ್ನದು. ವಲಯ ಹೋದರೂ ಕಬ್ಬಿಣದ ಲೆಕ್ಕದಲ್ಲಿ ತಾವು ಯಾವ ಗುಂಪಿಗೂ ಸೇರದವರೇ, ಅದು ಅವರು ನ್ಯಾಯವಾಗಿ ಕಂಡುಹಿಡಿದದ್ದು, ಅದಕ್ಕೆ ನನ್ನ ಚಪ್ಪಾಳೆ ಮೊದಲಿನದು.

ಪ್ರೊಫೆಸರರಿಗೆ ಸ್ವಂತ ಹೆಸರಿಲ್ಲದ ಕಾಗದ ಓದುವ ಅಭ್ಯಾಸವಿಲ್ಲವಾದ್ದರಿಂದ ಆ ಹೆಸರನ್ನು ಮೇಲೆ ಧಾರಾಳವಾಗಿ ಬಳಸಿದ್ದೇನೆ. ಶುಕ್ರವಾರದ ವಾಫಲ್ ಸಾಲಿನಲ್ಲಿ ಹನ್ನೆರಡು ಗಂಟೆಗೆ ಸರಿಯಾಗಿ ಮೊದಲು ನಿಲ್ಲುವವರೂ ಅವರೇ, ಆದ್ದರಿಂದ ಪತ್ರವನ್ನು ವಾಫಲ್ ಕಾವಲಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ.

ತಮ್ಮನ್ನು ಹನ್ನೊಂದು ಸಲ ಕೊಯ್ದ, ಆದರೂ ತಮ್ಮ ವಿಶ್ವಾಸಿ,
ಗುನ್‌ವೋರ್ ಟ್ವೈತ
ನೆಲಮಾಳಿಗೆ

ಮರೆತ ಮಾತು: ಅಂಟಿಸಿರುವುದು ಅದೇ ಅಂಟಿನಿಂದ, ಈ ಸಲ ಕೊನೆಯವರೆಗೂ ಕೈ ತೆಗೆಯದೆ ಒತ್ತಿದ್ದೇನೆ. ಆದರೂ ಕಾಗದದಡಿ ಎಲ್ಲಾದರೂ ಗುಳ್ಳೆ ಕಂಡರೆ, ಬ್ರಾಟ್ಲಿಯವರು ಅದಕ್ಕೆ ದಯವಿಟ್ಟು ನನ್ನ ಹೆಸರಿಡಬೇಕು.