ಜೀರೋ ಬಿಲ್ಲಿಗೆ ಬಿದ್ದ ಪ್ರೆಶರ್

"ಇವತ್ತಿಂದ ನಮ್ಮ ಬಚ್ಚಲಲ್ಲಿ ಜೋಗಿಮಟ್ಟಿ ಬೆಟ್ಟದ ಮುಂಗಾರು ಸುರಿಯುತ್ತೆ!" ಎಂದು ಘೋಷಿಸಿ, ಸಂಬಳದ ಮರುದಿನವೇ ಪ್ರೆಶರ್ ಪಂಪ್ ಹೊತ್ತು ತಂದೆ.

ಚಿತ್ರದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ ಟ್ಯಾಂಕು ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದೆ. ಹಾಗಾಗಿ ಶವರ್ ತಿರುಗಿಸಿದರೆ ನೀರು ಬೀಳುವುದಿಲ್ಲ. ಒಂದೊಂದೇ ಹನಿ ಬಂದು ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತೆ. ತಲೆಯ ಶಾಂಪೂ ಇಳಿಯುವಷ್ಟರಲ್ಲಿ ಆಫೀಸಿನಲ್ಲಿ ನನ್ನ ಅರ್ಧ ದಿನದ ರಜೆ ಮಂಜೂರಾಗಿರುತ್ತೆ!

ಹೆಂಡತಿ ಯಮುನಾ ಪಂಪನ್ನು ಸವತಿಯಂತೆ ನೋಡಿದಳು. "ಇದು ಕರೆಂಟು ಎಷ್ಟು ಕುಡಿಯುತ್ತೆ? ಜೀರೋ ಬಿಲ್ಲು ತಪ್ಪಿದ್ರೆ ನೋಡ್ರಿ ಮತ್ತೆ!"

ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗಿನಿಂದ ನಮ್ಮ ಬಿಲ್ಲು ಸೊನ್ನೆ. ಮಿತಿ ದಾಟಬಾರದೆಂದು ಇಸ್ತ್ರಿ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವಳು ಅವಳು. ಆ ಸೊನ್ನೆ ಬಿಲ್ಲಿನ ಚೀಟಿಯನ್ನು ಓಣಿಗೆಲ್ಲ ಮಗುವಿನ ಮಾರ್ಕ್ಸ್ ಕಾರ್ಡಿನಂತೆ ತೋರಿಸುತ್ತಾಳೆ.

"ಮನೆಯ ಯಾವುದಾದ್ರೂ ನಲ್ಲಿ ತಿರುಗಿಸಿದಾಗ ಮಾತ್ರ ಓಡುತ್ತೆ ಕಣೆ. ಆಟೋಮ್ಯಾಟಿಕ್!"

ಮೊದಲ ದಿನ ಸ್ನಾನವೇ ಅದು? ಮಹಾಮಸ್ತಕಾಭಿಷೇಕ! ನೀರಿನ ಹೊಡೆತಕ್ಕೆ ಕೈಯಲ್ಲಿದ್ದ ಸೋಪು ಹಾರಿ ಕಮೋಡಿನಲ್ಲಿ ಐಕ್ಯವಾಯಿತು.

ಅದೇ ವಾರ ರಾಮಗಿರಿಯಿಂದ ಅತ್ತೆ ಮುದ್ದಕ್ಕ ಬಂದರು. ಅಂದಿನಿಂದ ಪಂಪು ಹೊತ್ತಿಲ್ಲ ಗೊತ್ತಿಲ್ಲ, ಗುರ್ರ್ ಅನ್ನತೊಡಗಿತು.

"ಯಾಕ್ರೀ ಹಿಂಗೆ ಅರಚ್ಕಂತೈತೆ?" ಎಂದಳು ಯಮುನಾ.

"ಹೊಸದಲ್ವಾ, ಉತ್ಸಾಹ!" ಎಂದೆ, ಅದನ್ನು ನಾನೇ ಕಂಡುಹಿಡಿದವನ ಗತ್ತಿನಲ್ಲಿ.

ತಿಂಗಳ ಕೊನೆಗೆ ಮೀಟರ್ ರೀಡರ್ ಚೀಟಿ ಹರಿದು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬೇಗ ಹೊರಟುಬಿಟ್ಟ. ಅನುಭವಸ್ಥ!

"ಸೊನ್ನೆ ಎಲ್ಲಿ?" ಯಮುನಾ ಚೀಟಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದಳು.

"ಸೊನ್ನೆ ಐತಲ್ಲ... ಅದರ ಮುಂದೆ ಬೇರೆ ಅಂಕಿಗಳೂ ಬಂದು ಕುಂತವೆ, ಅಷ್ಟೇ."

ಅಷ್ಟರಲ್ಲಿ ಹಿತ್ತಲಿಂದ ಗುರ್ರ್! ಇಬ್ಬರೂ ಓಡಿದೆವು. ನಲ್ಲಿಯಿಂದ ನೂಲಿನೆಳೆಯಷ್ಟು ನೀರು ಕೊಳಗಕ್ಕೆ ಇಳಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದರು.

"ಏನವ್ವಾ ಇದು?"

"ನೀರು ದಂಡ ಆಗಬಾರ್ದು ಅಂತ ಸಣ್ಣಕೆ ಬಿಟ್ಟೀನಿ ಕಣೇ. ಊರಾಗೆ ದಿನಾ ಹಿಂಗೇ ತುಂಬೋದು."

ನೀರು ಸಣ್ಣಗೆ ಬಂದರೂ ಪಂಪು ಓಡುತ್ತಲೇ ಇರುತ್ತದೆ, ಕೊಳಗ ತುಂಬುವ ತನಕ ಕರೆಂಟು ಹರಿಯುತ್ತದೆ ಎಂದು ವಿವರಿಸಿದೆ. ಅತ್ತೆ ಕೆನ್ನೆಗೆ ಕೈಯಿಟ್ಟರು. "ಅಲ್ರೀ ಅಳಿಯಂದ್ರೇ, ಮಿಷನ್ನಿಗೆ ಅಷ್ಟೂ ತಿಳಿಯಲ್ವಾ?"

"ಇಲ್ಲ ಅತ್ತೆ."

"ತಂದೋರಿಗೆ?" ಎಂದಳು ಯಮುನಾ.

ಅವಳು ಪಂಪಿನ ವೈರು ಕಿತ್ತು ಬೀರು ಸೇರಿಸಿದಳು, ಇಸ್ತ್ರಿ ಪೆಟ್ಟಿಗೆಯ ಪಕ್ಕಕ್ಕೆ.

ಮರುದಿನ ಮೈತುಂಬ ನೊರೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಹನಿಗಾಗಿ ತಪಸ್ಸು ಮಾಡುತ್ತಿದ್ದೆ. ಬಚ್ಚಲ ಬೆಳಕಿಂಡಿಯಿಂದ ಅಶರೀರವಾಣಿ: "ಪಾಪ! ತಲೆ ಬಗ್ಗಿಸ್ರಿ!"

ಧಡಾರ್! ಹೊರಗೆ ಸ್ಟೂಲು ಹತ್ತಿದ್ದ ಯಮುನಾ ಬಿಂದಿಗೆಯನ್ನೇ ಬೋರಲು ಹಾಕಿದ್ದಳು. ನಾನು ಗೋಡೆಗೆ ಹೋಗಿ ಅಂಟಿಕೊಂಡೆ.

"ಪ್ರೆಶರ್ ಸಾಕೇನ್ರೀ?"

"ಸಾಕು ಮಾರಾಯ್ತಿ, ಆಫ್ ಮಾಡೇ!"

"ಅದೆಂಗೆ ಆಫ್ ಮಾಡ್ಲಿ? ಅವ್ವ ಆಗ್ಲೇ ಇನ್ನೊಂದು ಬಿಂದಿಗೆ ತುಂಬ್ಕಂಡು ಸ್ಟೂಲ್ ಹತ್ತಿರ ಬಂದವಳೆ!"