ದೊಡ್ಡ ಮುಳ್ಳಿನ ಹೊಸ ವಿಳಾಸ

"ನೋಡ್ತಾ ಇರು, ಒಂದೇ ವಾರ. ಆಮೇಲೆ ನಮ್ಮ ಹೊಸ ಅಂಗಡಿ ಎಲ್ಲಿದೆ ಅಂತ ಗೊತ್ತಿಲ್ಲದವನು ಈ ಊರಲ್ಲಿ ಒಬ್ಬನೂ ಇರಬಾರದು," ಎಂದು ದೊಡ್ಡ ಮುಳ್ಳು ಘೋಷಿಸಿದ.

ದೊಡ್ಡ ಮುಳ್ಳು ಅವನ ಹೆಸರಲ್ಲ, ಬಿರುದು. ಗಡಿಯಾರ ರಿಪೇರಿ ಅವನ ಕಸುಬು. ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವುದು ಅವನ ಸ್ವಭಾವ. ಬೀದಿಯವರು ಎರಡನ್ನೂ ಸೇರಿಸಿ ನಾಮಕರಣ ಮಾಡಿದ್ದರು. ಅವನ ಹೆಂಡತಿಗೆ ಯಾವುದಕ್ಕೂ ಅವಸರವಿಲ್ಲ. ಕುಳಿತಲ್ಲೇ ಕುಳಿತು, ಹೊತ್ತು ನೋಡಿ ಒಂದು ಮಾತಾಡುವವಳು. ಅವಳು ಚಿಕ್ಕ ಮುಳ್ಳಾದದ್ದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ.

ಘೋಷಣೆಗೆ ಕಾರಣವಿತ್ತು. ಹಳೆಯ ಅಂಗಡಿಯ ಮಾಲೀಕ ಜಾಗ ಖಾಲಿ ಮಾಡಿಸಿದ್ದ. ಅಲ್ಲಿಗೆ ಬರಲಿದ್ದವನು, ಹೋಗಲಿ, ಚಪ್ಪಲಿಯವನೋ ಪಾತ್ರೆಯವನೋ ಆಗಿದ್ದರೂ ಸಹಿಸಬಹುದಿತ್ತು. ಬರಲಿದ್ದವನು ಇನ್ನೊಬ್ಬ ಗಡಿಯಾರದವನು! ದೊಡ್ಡ ಮುಳ್ಳಿಗೆ ಸಿಕ್ಕಿದ್ದು ಹಿಂದಿನ ಓಣಿಯಲ್ಲಿ, ಇಸ್ತ್ರಿ ಅಂಗಡಿಯ ಮಗ್ಗುಲಿನ ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದು ಕೋಣೆ. ಹಳೆಯ ಗಿರಾಕಿಗಳು ಅಭ್ಯಾಸ ಬಲದಿಂದ ಹಳೆಯ ಬಾಗಿಲಿಗೇ ಹೋಗಿ ಗಡಿಯಾರ ಕೊಟ್ಟು ಬಂದರೆ ಇವನ ಅಂಗಡಿಯ ಕಥೆ ಮುಗಿದಂತೆಯೇ. ಮುಗಿದ ಮೇಲೇನು ಎಂಬುದನ್ನು ಪ್ರಿಂಟಿಂಗ್ ಪ್ರೆಸ್ ನಡೆಸುವ ಭಾವಮೈದ ಆಗಲೇ ಯೋಚಿಸಿಟ್ಟಿದ್ದ.

"ನೀವೇನೂ ಚಿಂತೆ ಮಾಡಬೇಡಿ ಭಾವ. ಅಂಗಡಿ ನಡೀದಿದ್ರೆ ನಮ್ಮ ಪ್ರೆಸ್‌ಗೆ ಬಂದುಬಿಡಿ. ಪೇಪರ್ ಎಣಿಸೋಕೆ ಒಬ್ಬರು ಬೇಕಾಗಿದ್ದಾರೆ."

ಆ ಪ್ರೀತಿಯ ಮಾತು ಕೇಳಿದಾಗಿನಿಂದ ದೊಡ್ಡ ಮುಳ್ಳಿಗೆ ಬಿಳಿ ಕಾಗದ ಕಂಡರೆ ಬೆವರು. ಆದ್ದರಿಂದಲೇ ಈ ಮಹಾಯುದ್ಧ. ಅಸ್ತ್ರ: ಪೋಸ್ಟ್‌ಕಾರ್ಡು. ಗಿರಾಕಿಗಳ ಮನೆಮನೆಗೂ ಒಂದೊಂದು.

ಮೊದಲ ನಮೂನೆ ದುಂಡಗಿತ್ತು. ಥೇಟ್ ಗಡಿಯಾರ. ಅದನ್ನು ಅಂಗೈಯಲ್ಲಿ ಹಣತೆಯಂತೆ ಹಿಡಿದು ಅಂಚೆ ಕಚೇರಿಗೆ ಹೋದ. ಕೌಂಟರಿನ ಮೇಡಂ ತಿರುಗಿಸಿ ನೋಡಿದರು.

"ಏನಿದು, ಲೋಟದ ಕೆಳಗೆ ಇಡೋದಾ?"

"ಪೋಸ್ಟ್‌ಕಾರ್ಡು ಮೇಡಂ."

"ಮೆಷಿನ್ ಒಳಗೆ ಉರುಳಿಕೊಂಡು ಹೋಗುತ್ತೆ. ನಾಲ್ಕು ಮೂಲೆ ಮಾಡ್ಕೊಂಡು ಬನ್ನಿ."

ಎರಡನೆಯದಕ್ಕೆ ನಾಲ್ಕು ಮೂಲೆಯೂ ಇತ್ತು, ನಡುವೆ ಬೆರಳಲ್ಲಿ ತಿರುಗಿಸಿದರೆ ತಿರುಗುವ ತಗಡಿನ ಮುಳ್ಳೂ ಇತ್ತು. ಮೇಡಂ ಒಮ್ಮೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಹಿಂದೆ ಕುಳಿತಿದ್ದವರಿಗೂ ಕೊಟ್ಟರು, ಅವರೂ ತಿರುಗಿಸಿದರು. ಇನ್ನೇನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕಾರ್ಡು ವಾಪಸ್ ಬಂತು.

"ಚೆನ್ನಾಗಿದೆ. ಆದ್ರೆ ಇದು ಮೆಷಿನ್‌ಗೆ ಸಿಕ್ಕಿಹಾಕ್ಕೊಂಡ್ರೆ ಊರಿನ ಕಾಗದವೆಲ್ಲ ನಿಂತುಹೋಗುತ್ತೆ. ನಿಮ್ಮ ಮುಳ್ಳು ನಿಮ್ಮ ಹತ್ರಾನೇ ಇರಲಿ."

ಮೂರನೆಯದು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಡಂ ಅದರ ಮೇಲೆ ಮೊಹರು ಒತ್ತಿ, ಬೆರಳಿನಿಂದ ಸವರಿದರು. ಶಾಯಿಯೆಲ್ಲ ಬೆರಳಿಗೆ ಬಂತು. ಆ ಬೆರಳನ್ನು ಅವನಿಗೆ ತೋರಿಸಿದರು.

ಕೊನೆಗೆ ಅವರೇ ಕನಿಕರಪಟ್ಟು ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದರು. "ಎಡಗಡೆ ನಿಮ್ಮ ಮಾತು. ಬಲಗಡೆ ಯಾರಿಗೆ ಹೋಗಬೇಕೋ ಅವರ ವಿಳಾಸ. ಅದರ ಮೇಲೆ ಸ್ಟ್ಯಾಂಪು. ಕೆಳಗಿನ ಈ ಪಟ್ಟಿ ಖಾಲಿ ಇರಬೇಕು. ಇಲ್ಲಿ ಏನೂ ಹಾಕಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ."

ನಾಲ್ಕನೆಯ ನಮೂನೆ ಆ ಗೆರೆಗಳಂತೆಯೇ ಇತ್ತು, ಗಡಿಯಾರದ ಚಿತ್ರ ಹಿಂಬದಿಗೆ ಹೋಗಿತ್ತು; ಮೇಡಂ ಒಪ್ಪಿದರು. ಪ್ರೆಸ್ಸಿನಲ್ಲಿ ಅಚ್ಚಿಗೆ ಹೋಗುವ ಮುನ್ನ ದೊಡ್ಡ ಮುಳ್ಳು ಅದನ್ನು ಕಣ್ಣ ಹತ್ತಿರ ಹಿಡಿದ. ಕೆಳಗಿನ ಆ ಪಟ್ಟಿ ಬೆಳ್ಳಗೆ, ಉದ್ದಕ್ಕೆ, ಪೇಟೆಯ ನಡುವಿನ ಖಾಲಿ ಸೈಟಿನಂತೆ ಮಲಗಿತ್ತು. ಜಾಗವಿಲ್ಲದೆ ಓಣಿಯ ಮೆಟ್ಟಿಲು ಹತ್ತಿದವನ ಮುಂದೆ ಇಷ್ಟೊಂದು ಜಾಗ ದಂಡವಾಗುವುದೇ!

"ನಮ್ಮ ಹೊಸ ವಿಳಾಸ ಇಲ್ಲಿ ಹಾಕು," ಎಂದ ಭಾವಮೈದನಿಗೆ.

"ಅಲ್ಲಿ ಖಾಲಿ ಬಿಡಿ ಅಂದ್ರು ಅಂತ ನೀವೇ ಹೇಳಿದ್ರಲ್ಲ," ಎಂದಳು ಜೊತೆಗೆ ಬಂದಿದ್ದ ಚಿಕ್ಕ ಮುಳ್ಳು.

"ಅದು ಹೂವು ಬಳ್ಳಿ ಬಿಡಿಸೋರಿಗೆ ಹೇಳಿದ ಮಾತು ಕಣೇ. ನಾನು ಹಾಕ್ತಿರೋದು ವಿಳಾಸ. ಅಂಚೆಯವರಿಗೆ ವಿಳಾಸ ಕಂಡ್ರೆ ಕೋಪ ಬರುತ್ತಾ?"

"ಯಾವುದಕ್ಕೂ ಒಂದು ಸಲ ಮೇಡಂಗೆ ತೋರಿಸಿ ಬನ್ನಿ."

"ಪಾಸಾದವನು ಮತ್ತೆ ಪರೀಕ್ಷೆಗೆ ಕೂರ್ತಾನಾ?"

"ಅಕ್ಷರ ಎಷ್ಟು ದಪ್ಪ ಇರಲಿ ಭಾವ?"

"ನಿನ್ನ ಹತ್ರ ಇರೋದರಲ್ಲೇ ದಪ್ಪ. ಕನ್ನಡಕ ಮನೇಲಿ ಮರೆತು ಬಂದವರಿಗೂ ಕಾಣಬೇಕು."

ಕಂಡಿತು. ಬೀದಿಯ ಆ ತುದಿಯಿಂದಲೂ ಕಾಣುವಷ್ಟು ದಪ್ಪವಿತ್ತು. ಚಿಕ್ಕ ಮುಳ್ಳು ಕುಳಿತು, ಅದರ ಮೇಲ್ಗಡೆ ಗಿರಾಕಿಗಳ ವಿಳಾಸವನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಳು. ದೊಡ್ಡ ಮುಳ್ಳು ಸ್ಟ್ಯಾಂಪು ಅಂಟಿಸಿ, ಕೌಂಟರಿನ ಕಡೆ ತಲೆಯೂ ಹಾಕದೆ, ಅಷ್ಟನ್ನೂ ಬೀದಿ ಮೂಲೆಯ ಅಂಚೆ ಡಬ್ಬಿಗೆ ತುರುಕಿದ. ಡಬ್ಬಿ ಬಾಯಿ ಮುಚ್ಚಲಾರದೆ ನಿಂತಿತು.

ಹೊಸ ಅಂಗಡಿ ಶುರುವಾದ ದಿನ ಗೋಡೆಯ ಗಡಿಯಾರಗಳಿಗೆಲ್ಲ ಕೀಲಿ ಕೊಟ್ಟು, ಹೊಸ ಅಂಗಿ ತೊಟ್ಟು ಕುಳಿತ. ಮೇಲೆ ಬಂದವರು ಇಸ್ತ್ರಿಯವನ ಅಂಗಡಿ ಯಾವುದೆಂದು ಕೇಳಲು ಬಂದವರು ಮಾತ್ರ. ಮರುದಿನ ಮಾತ್ರ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಖಾಕಿ ಅಂಗಿಯ ಪೋಸ್ಟ್‌ಮ್ಯಾನ್ ಒಂದು ಮೂಟೆಯನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಧಡ್ ಧಡ್ ಎಂದು ಎಳೆದು ತಂದು ಬಾಗಿಲಲ್ಲಿ ಕೆಡವಿದ.

"ಇಷ್ಟೂ ನಿಮಗೇ ಸಾರ್," ಎಂದು ಬೆವರೊರೆಸಿಕೊಳ್ಳುತ್ತ ಇಳಿದು ಹೋದ.

ದೊಡ್ಡ ಮುಳ್ಳು ಕುಳಿತಲ್ಲೇ ಒಂದು ಸುತ್ತು ತಿರುಗಿದ. "ನೋಡಿದೆಯಾ? ಊರಿಗೆ ಊರೇ ಉತ್ತರ ಬರೆದಿದೆ! ಎಲ್ಲರ ಗಡಿಯಾರಾನೂ ಕೆಟ್ಟಿರಬೇಕು, ಪುಣ್ಯಾತ್ಮರು." ತಡಮಾಡದೆ ಭಾವಮೈದನಿಗೆ ಫೋನು ಮಾಡಿದ. "ಏನಯ್ಯಾ, ಪೇಪರ್ ಎಣಿಸೋಕೆ ಬೇರೆ ಯಾರನ್ನಾದರೂ ನೋಡ್ಕೋ."

ಅಷ್ಟರಲ್ಲಿ ಚಿಕ್ಕ ಮುಳ್ಳು ಮೂಟೆಯಿಂದ ಒಂದು ಕಾರ್ಡು ಎಳೆದಿದ್ದಳು.

"ರೀ, ಇದು ನನ್ನ ಅಕ್ಷರ."

"ನಿನ್ನ ಥರಾನೇ ಬರೆಯೋರು ಬೇರೆ ಇರಲ್ವಾ?"

"ಇರ್ತಾರೆ. ಹಿಂದುಗಡೆ ನಿಮ್ಮ ಗಡಿಯಾರಾನೇ ಅಚ್ಚು ಹಾಕಿಸ್ಕೊಂಡು ಬರೆಯೋರು ಯಾರಿರ್ತಾರೆ?"

ಮೂಟೆ ಸುರಿದರು. ಕಳಿಸಿದ ಕಾರ್ಡುಗಳೆಲ್ಲ ಒಂದೂ ದಾರಿ ತಪ್ಪದೆ ತವರಿಗೆ ಬಂದಿದ್ದವು.

ದೊಡ್ಡ ಮುಳ್ಳು ಅಂಚೆ ಕಚೇರಿಗೆ ಹಾರಿದ. ಮೇಡಂ ಕಾರ್ಡು ನೋಡಿದ್ದೇ ಪೆನ್ಸಿಲ್ ಕೆಳಗಿಟ್ಟರು.

"ಮೆಷಿನ್ ಕೆಳಗಿನ ಸಾಲಿಂದ ಓದುತ್ತೆ ಸಾರ್. ಅಲ್ಲಿ ಯಾರ ವಿಳಾಸ ಇದೆಯೋ ಅವರಿಗೆ ಕಳಿಸುತ್ತೆ. ಅದಕ್ಕೆ ನಿಮ್ಮ ಹಾಗೆ ಸ್ವಂತ ಬುದ್ಧಿ ಇಲ್ಲ."

"ಮತ್ತೆ ಡಬ್ಬಿಗೆ ಹಾಕಲಾ?"

"ಮೊಹರು ಬಿದ್ದಿದೆ, ಸ್ಟ್ಯಾಂಪಿನ ಆಯಸ್ಸು ಮುಗೀತು. ಹಾಕಿದ್ರೂ ಮತ್ತೆ ನಿಮ್ಮ ಹತ್ರಾನೇ ಬರುತ್ತೆ. ಒಂದಾದರೂ ಕಳೆದುಹೋಗಿದ್ರೆ ಹೇಳಿ, ದೂರು ಬರ್ಕೋತೀನಿ."

ಒಂದೂ ಕಳೆದುಹೋಗಿರಲಿಲ್ಲ. ಅದೇ ಅವನ ದುಃಖ.

ಅತ್ತ ಹಳೆಯ ಅಂಗಡಿಯಲ್ಲಿ ಹೊಸಬ ಬೋರ್ಡು ಏರಿಸುತ್ತಿದ್ದ. ಇತ್ತ ಚಿಕ್ಕ ಮುಳ್ಳು ಕಾರ್ಡುಗಳನ್ನು ಬೀದಿಗೊಂದು ಕಟ್ಟು ಮಾಡಿ, ಮತ್ತೆ ಮೂಟೆಗೆ ತುಂಬಿ, ಗಂಡನ ಹೆಗಲಿಗೇರಿಸಿದಳು.

"ಹೇಗೂ ಸುತ್ತೋದು ನಿಮಗೆ ಅಭ್ಯಾಸ. ಹೊರಡಿ."

ಹೊರಟ. ಮೊದಲ ಮನೆಯ ಅಜ್ಜಿ ಕಾರ್ಡನ್ನು ಓದದೆಯೇ ಮಡಿಲಿಗೆ ಹಾಕಿಕೊಂಡಳು. "ಸರಿಯಾದ ಹೊತ್ತಿಗೆ ಬಂದೆ ಕಣಪ್ಪ. ಒಳಗಿನ ಗಡಿಯಾರ ಸತ್ತು ಕೂತಿದೆ, ತಗೊಂಡು ಹೋಗು." ಎರಡನೆಯ ಮನೆಯಲ್ಲಿ ಅಲಾರಂ. ಮೂರನೆಯದರಲ್ಲಿ ಪೆಂಡುಲಮ್ಮಿನದು, ಮಗುವಿನಂತೆ ಎತ್ತಿಕೊಳ್ಳಬೇಕಾದಂಥದ್ದು. ಕಾರ್ಡು ಖಾಲಿಯಾದಷ್ಟೂ ಮೂಟೆ ಭಾರವಾಯಿತು. ನಡುಬೀದಿಯಲ್ಲಿ ಮೂಟೆಯೊಳಗಿಂದ ಅಲಾರಂ ಬಡಿದುಕೊಂಡಾಗ ನಾಯಿಗಳು ಮೆರವಣಿಗೆ ಕಟ್ಟಿ ಮನೆತನಕ ಬಿಟ್ಟು ಬಂದವು.

ಕಪಾಟು ತುಂಬಿತು, ಮೇಜು ತುಂಬಿತು, ಅಂಗಡಿ ಉಳಿಯಿತು. ಭಾವಮೈದ ನಿಜವಾಗಿಯೂ ಬೇರೆಯವರನ್ನು ನೋಡಿಕೊಂಡ. ಒಂದೇ ಕೊರಗು: ಮೆಟ್ಟಿಲು ಹತ್ತಿ ಯಾರೂ ಬರಲಿಲ್ಲ. ಅಜ್ಜಿಯನ್ನು ಕೇಳಿದರೆ, "ನಾನ್ಯಾಕೆ ಬರಲಿ? ನೀನೇ ಬರ್ತೀಯಲ್ಲ" ಎಂದುಬಿಟ್ಟಳು.

"ಬರ್ತಾರೆ. ಆ ದಪ್ಪ ಅಕ್ಷರ ನೋಡಿ ಒಬ್ಬನಾದರೂ ಬಂದೇ ಬರ್ತಾನೆ," ಎಂದು ದೊಡ್ಡ ಮುಳ್ಳು ಹೇಳುತ್ತಲೇ ಇದ್ದ.

ಒಂದು ಭಾನುವಾರ ಬಂದೇಬಿಟ್ಟ! ಹೂವಿನ ಚಿತ್ತಾರದ ಅಂಗಿ, ಕರವಸ್ತ್ರದಲ್ಲಿ ಸುತ್ತಿದ ಕೈಗಡಿಯಾರ. ದೊಡ್ಡ ಮುಳ್ಳು ಕುರ್ಚಿಯನ್ನು ತಾನೇ ಒರೆಸಿ ಕೂರಿಸಿದ.

"ಅಂಗಡಿ ಹುಡುಕೋದು ಕಷ್ಟ ಆಯ್ತಾ ಸಾರ್?"

"ಕಷ್ಟ ಏನು ಬಂತು? ಕಾರ್ಡಿನಲ್ಲಿ ಅಷ್ಟು ದಪ್ಪಕ್ಕೆ ಹಾಕಿಸಿದ್ರಲ್ಲ."

ದೊಡ್ಡ ಮುಳ್ಳು ಎದೆ ಸೆಟೆಸಿ ಹೆಂಡತಿಯತ್ತ ತಿರುಗಿದ. "ಕೇಳಿಸಿತಾ?"

"ಕೇಳಿಸಿತು," ಎಂದಳು ಚಿಕ್ಕ ಮುಳ್ಳು. "ಖಾಕಿ ಅಂಗಿ ಇಲ್ಲ ಅಂತ ನಿಮಗೆ ಗುರುತು ಸಿಕ್ಕಿಲ್ಲ. ಆವತ್ತು ಮೂಟೆ ತಂದವರು ಇವರೇ."

ಪೋಸ್ಟ್‌ಮ್ಯಾನ್ ಸಂಕೋಚದಿಂದ ಕರವಸ್ತ್ರ ಬಿಚ್ಚಿದ. ಗಡಿಯಾರದ ಗಾಜು ಒಡೆದಿತ್ತು. "ನಿಮ್ಮ ಕಾರ್ಡು ಎಳೆದು ತರುವಾಗಲೇ ಸಾರ್, ಮೆಟ್ಟಿಲಿಗೆ ಬಡಿದು ನಿಂತುಹೋಯ್ತು."

ದೊಡ್ಡ ಮುಳ್ಳು ಬಾಯಿ ತೆರೆದ.

"ಇದು ಪುಕ್ಕಟೆ," ಎಂದಳು ಚಿಕ್ಕ ಮುಳ್ಳು.