ಡ್ರೈವರಣ್ಣನ ಕಾಲು, ಕಾರಿನ ಬ್ರೇಕು

ಗಾಳಿಗೆ ಹಾರಿ ಬಂದ ಒಂದು ಪ್ಲಾಸ್ಟಿಕ್ ಚೀಲ ಡ್ರೈವರಣ್ಣನ ಕೆಲಸಕ್ಕೇ ಸಂಚಕಾರ ತಂದಿತು. ಅದನ್ನು ಕಂಡದ್ದೇ ತಡ, ಹೊಸ ಕಾರು ಯಾರನ್ನೂ ಕೇಳದೆ ತಾನೇ ಗಕ್ಕನೆ ಬ್ರೇಕ್ ಹಾಕಿತು. ಹಿಂದೆ ಕೂತಿದ್ದ ಮೇಡಂ, ಅಂದರೆ ಗಾಜಿನ ಗೋದಾಮಿನ ಒಡತಿ, ಕಾಫಿಯನ್ನು ಮಡಿಲಿಗೇ ಸುರಿದುಕೊಂಡರು.

ಆದರೂ ಹಿಗ್ಗಿದರು! "ನೋಡಿದ್ರಾ, ಎಷ್ಟು ಎಚ್ಚರ! ಇವತ್ತು ಸಂಜೆವರೆಗೂ ಏನೂ ಆಗದೇ ಇದ್ರೆ, ನಾಳೆಯಿಂದ ನಾನೇ ಓಡಿಸ್ತೀನಿ. ಡ್ರೈವರ್ ಯಾಕೆ ಬೇಕು?"

ಗೋದಾಮಿನ ಗೇಟಿನಲ್ಲಿ ಈ ಸುದ್ದಿ ಕೇಳಿದ ವಾಚ್‌ಮನ್ ಗಾಯಕ್ಕೆ ಉಪ್ಪು ಸವರಿದ. "ಬಿಡಣ್ಣ, ಆ ಗಾಡಿಗೆ ಮೈಯೆಲ್ಲಾ ಕಣ್ಣು. ನಿನಗೆ ಇರೋದೇ ಎರಡು, ಅದಕ್ಕೂ ಕನ್ನಡಕ."

ಡ್ರೈವರಣ್ಣನಿಗೆ ಪಿತ್ತ ನೆತ್ತಿಗೇರಿತು. "ಈ ಡಬ್ಬಾ ಹುಟ್ಟೋ ಮುಂಚೆನೇ ಕ್ಲಚ್ ತುಳಿದವನು ಕಣೋ ನಾನು! ನನಗೆ ಹೇಳಿಕೊಡೋಕೆ ಇದ್ಯಾವ ದೊಣ್ಣೆನಾಯಕ?" ಎಂದವನೇ, ತಾನಾಗಿ ಬ್ರೇಕ್ ಹಾಕುವುದು, ಗೆರೆ ದಾಟಿದರೆ ಸ್ಟೀರಿಂಗ್ ಎಳೆಯುವುದು, ಎಲ್ಲವನ್ನೂ ಆಫ್ ಮಾಡಿಬಿಟ್ಟ.

ಆಮೇಲೆ ಓಡಿಸಿದ ನೋಡಿ! ಅಡ್ಡ ಬಂದ ನಾಯಿ, ನುಗ್ಗಿದ ಬೈಕು, ಹಿಂದೆ ನೋಡದೆ ರಿವರ್ಸ್ ಬಂದ ಟೆಂಪೊ, ಯಾವುದಕ್ಕೂ ಕಾರು ಕುಲುಕಲಿಲ್ಲ. ಒಮ್ಮೆ ಮಾತ್ರ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಾ ಮೈಮರೆತ. ಮುಂದಿದ್ದ ತಳ್ಳುಗಾಡಿ ಕೂದಲೆಳೆಯಲ್ಲಿ ಪಾರಾಯಿತು. ಫೋನಿನಲ್ಲಿ ಮುಳುಗಿದ್ದ ಮೇಡಂಗೆ ಗೊತ್ತಾಗಲಿಲ್ಲ. ಡ್ರೈವರಣ್ಣನ ಅಂಗಿ ಮಾತ್ರ ಬೆನ್ನಿಗಂಟಿತ್ತು.

ಸಂಜೆ ಗೇಟಿನ ಬಳಿ ಮೇಡಂ ಇಳಿದರು. "ಆಹಾ, ಏನು ಕಾರು! ಇನ್ನು ನೀವು..."

"ಕಾರಲ್ಲ ಮೇಡಂ, ನಾನು!" ಡ್ರೈವರಣ್ಣ ಎದೆಯುಬ್ಬಿಸಿದ. "ಅದನ್ನೆಲ್ಲ ಬೆಳಿಗ್ಗೆಯೇ ಆಫ್ ಮಾಡಿದ್ದೆ. ಬೇಕಾದ್ರೆ ಕಾರಿನ ಸ್ಕ್ರೀನ್ ನೋಡಿ."

ಮೇಡಂ ನೋಡಿದರು. "ಅಂದ್ರೆ, ನಿಮಗೆ ಅದರ ಸಹಾಯ ಬೇಕೇ ಇಲ್ಲ?"

ಡ್ರೈವರಣ್ಣನ ಕಣ್ಣ ಮುಂದೆ ಆ ತಳ್ಳುಗಾಡಿ ಸುಳಿಯಿತು. ಆದರೆ ಪಕ್ಕದಲ್ಲೇ ವಾಚ್‌ಮನ್ ಕಿವಿ ನಿಮಿರಿಸಿ ನಿಂತಿದ್ದ. "ಬೇಕಿಲ್ಲ ಮೇಡಂ! ನನ್ನ ಕೈಕಾಲೇ ಸಾಕು!"

"ಭೇಷ್! ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಆ ಸಹಾಯ ಬೇಕಿರೋದು ನನಗೆ, ಕಾರು ನನಗಿರಲಿ. ಶೆಡ್ಡಲ್ಲಿ ಗಾಜು ಸಾಗಿಸೋ ಹಳೇ ಲಾರಿ ಇದೆಯಲ್ಲ? ಅದರ ಬ್ರೇಕ್ ನಂಬಿ ಯಾರೂ ಹತ್ತೋದಿಲ್ಲ. ನಾಳೆಯಿಂದ ಅದು ನಿಮ್ಮದು."

ಡ್ರೈವರಣ್ಣ ಕನ್ನಡಕ ಒರೆಸಿಕೊಂಡು ಶೆಡ್ಡಿನ ಕಡೆ ನೋಡಿದ.

ವಾಚ್‌ಮನ್ ಸಲಾಮು ಹೊಡೆದ. "ನಾಳೆ ಬರುವಾಗ ದೂರದಿಂದಲೇ ಕೂಗಿಬಿಡಣ್ಣ. ನಾನು ಗೇಟು ತೆಗೆದು ಓಡಿಹೋಗ್ತೀನಿ."